ಬೆಕ್ಕಿನ ಚೆಲ್ಲಾಟದ ಹಿಂದೆ

'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯನ್ನು ಹೈಸ್ಕೂಲಿನಲ್ಲಿ ವಿಸ್ತರಿಸಿ ಬರೆಯದವರು ನಮ್ಮಲ್ಲಿ ಕಡಿಮೆ. ಬಲಶಾಲಿಗಳು ಬಡವರನ್ನು ಪೀಡಿಸುತ್ತಾರೆ, ಒಬ್ಬರ ಮೋಜು ಇನ್ನೊಬ್ಬರಿಗೆ ಕಷ್ಟವಾಗುತ್ತದೆ ಎಂದೆಲ್ಲ ಬರೆದು ಅಂಕ ಪಡೆದಿದ್ದೇವೆ. ಬೆಕ್ಕು ನಿಜಕ್ಕೂ ಚೆಲ್ಲಾಟ ಆಡುತ್ತಿದೆಯೇ, ಆಡುತ್ತಿದ್ದರೆ ಅದು ಏಕೆ ಎಂದು ಮಾತ್ರ ಯಾವ ಉತ್ತರಪತ್ರಿಕೆಯಲ್ಲೂ ಯಾರೂ ಬರೆದಂತಿಲ್ಲ.

ಬೆಕ್ಕು ಸಾಕಿರುವ ಮನೆಯವರನ್ನು ಒಮ್ಮೆ ಮಾತಿಗೆಳೆದು ನೋಡಿ. ಒಂದು ಬೆಕ್ಕು ಹಳೆಯ ಕಾಲುಚೀಲವೊಂದನ್ನು ಬಾಯಲ್ಲಿ ಕಚ್ಚಿಕೊಂಡು ರಾತ್ರಿ ಎರಡು ಗಂಟೆಗೆ ಮನೆಯಿಡೀ ಸುತ್ತುತ್ತ ವಿಚಿತ್ರ ದನಿಯಲ್ಲಿ ಕೂಗುತ್ತದಂತೆ. ಇನ್ನೊಂದು ಬಾಟಲಿ ಮುಚ್ಚಳಗಳನ್ನು ಕಪಾಟಿನ ಅಡಿಗೆ ತಳ್ಳಿ ತಳ್ಳಿ ದಾಸ್ತಾನು ಮಾಡುತ್ತದೆ. ಮತ್ತೊಂದು ತನ್ನ ರಬ್ಬರ್ ಇಲಿಯನ್ನು ತಂದು ಕುಡಿಯುವ ನೀರಿನ ಬಟ್ಟಲಿಗೆ ಹಾಕುತ್ತದೆ. ನಮ್ಮ ಮನೆಯ ಮುನ್ನಿಗೆ ಕಾಲು ಕಿತ್ತುಹೋದ ಒಂದು ಬಟ್ಟೆಯ ಗೊಂಬೆ ಇದೆ. ಅದು ಬಾಯಲ್ಲಿರುವಾಗ ದಿನಾ ಮೀನು ಹಾಕುವ ನಮ್ಮ ಉಮ್ಮನೇ ಹತ್ತಿರ ಬಂದರೂ ಗಂಟಲೊಳಗಿನಿಂದ ಗುರ್ ಎನ್ನುತ್ತದೆ. ಗೊಂಬೆ ಕೆಳಗೆ ಬಿದ್ದ ಮರುಕ್ಷಣ ಅದೇ ಉಮ್ಮನ ಕಾಲಿಗೆ ಮೈ ಉಜ್ಜುತ್ತದೆ. ಇನ್ನೂರು ರೂಪಾಯಿ ಕೊಟ್ಟು ತಂದ ಹೊಸ ಆಟಿಕೆಯ ಕತೆಯನ್ನಂತೂ ಹೇಳುವುದೇ ಬೇಡ. ಆಟಿಕೆ ಮೂಲೆ ಸೇರುತ್ತದೆ, ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಬೆಕ್ಕು ಕೂರುತ್ತದೆ.

ಕೇಳಲು ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಹುಚ್ಚಾಟಗಳಂತೆ ಕಾಣುತ್ತವೆ. ಆದರೆ ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುವವರು ಇವುಗಳಲ್ಲಿ ಹೆಚ್ಚಿನವನ್ನು ಒಂದೇ ಬೇರಿಗೆ ಕಟ್ಟುತ್ತಾರೆ. ಆ ಬೇರು ಬೇಟೆ.

ಮನೆಬೆಕ್ಕಿನ ಪೂರ್ವಜ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡುಗಳ ಕಾಡುಬೆಕ್ಕು. ವಿಜ್ಞಾನಿಗಳು ಅದನ್ನು ಫೆಲಿಸ್ ಲಿಬಿಕಾ ಎಂದು ಕರೆಯುತ್ತಾರೆ. ಮನುಷ್ಯರು ಧಾನ್ಯ ಬೆಳೆದು ಕೂಡಿಡತೊಡಗಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಈ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಹೂತಿದ್ದನ್ನು ಫ್ರಾನ್ಸಿನ ಪುರಾತತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳು ಇರಲಿಲ್ಲ. ಅಂದರೆ ಯಾರೋ ಅದನ್ನು ದೋಣಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಇಷ್ಟು ಹಳೆಯ ಸಹವಾಸವಾದರೂ ನಾಯಿಯನ್ನು ತಿದ್ದಿದಂತೆ ಮನುಷ್ಯ ಬೆಕ್ಕನ್ನು ತಿದ್ದಲು ಹೋಗಲಿಲ್ಲ. ಕುರಿ ಕಾಯುವ ನಾಯಿ, ಕಾವಲು ನಾಯಿ, ಬೇಟೆನಾಯಿ ಎಂದು ಬೇರೆ ಬೇರೆ ತಳಿಗಳನ್ನು ಬೆಳೆಸಿದ ನಾವು ಬೆಕ್ಕಿನಿಂದ ಬಯಸಿದ್ದು ಇಲಿ ಹಿಡಿಯುವ ಕೆಲಸವೊಂದನ್ನೇ, ಅದು ಬೆಕ್ಕಿಗೆ ಮೊದಲೇ ಬರುತ್ತಿತ್ತು. ಹೀಗಾಗಿ ಸೋಫಾದ ಮೇಲೆ ಮಲಗುವ ಬೆಕ್ಕಿನಲ್ಲೂ ಕಾಡುಬೆಕ್ಕಿನ ಬೇಟೆಯ ಸಲಕರಣೆ ಪೂರ್ತಿಯಾಗಿ ಉಳಿದುಕೊಂಡಿದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಇಲಿಮರಿಯಷ್ಟು ಗಾತ್ರದ ಬೇಟೆಯಿಂದ ಬೆಕ್ಕಿಗೆ ಸಿಗುವುದು ಸುಮಾರು 30 ಕಿಲೋಕ್ಯಾಲರಿ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾಗುವುದು ಸುಮಾರು 200ರಿಂದ 250. ಅಂದರೆ ಬರೀ ಬೇಟೆಯಿಂದ ಬದುಕುವ ಬೆಕ್ಕು ದಿನಕ್ಕೆ ಏಳೆಂಟು ಸಲವಾದರೂ ಬೇಟೆಯಲ್ಲಿ ಗೆಲ್ಲಬೇಕು. ಪ್ರತಿ ನೆಗೆತವೂ ಗೆಲ್ಲುವುದಿಲ್ಲ, ಆದ್ದರಿಂದ ಪ್ರಯತ್ನಗಳು ಅದಕ್ಕಿಂತ ಎಷ್ಟೋ ಹೆಚ್ಚು. ಹಸಿವಾದ ಮೇಲೆಯೇ ಎದ್ದು ಹೊರಟರೆ ಸಾಲದು. ಹೊಟ್ಟೆ ಅರೆ ತುಂಬಿರುವಾಗಲೂ ಸರಕ್ಕನೆ ಓಡುವ ಯಾವುದನ್ನಾದರೂ ಕಂಡರೆ ಮೈ ತಾನಾಗಿ ಬಾಗಬೇಕು, ಹಿಂಗಾಲು ಅಲುಗಾಡಬೇಕು. ಬಟ್ಟಲು ತುಂಬ ಅನ್ನ-ಮೀನು ತಿಂದ ಬೆಕ್ಕೂ ಗೋಡೆಯ ಹಲ್ಲಿಗೆ ಹೊಂಚು ಹಾಕುವುದು ಇದೇ ಕಾರಣಕ್ಕೆ. ಅದನ್ನು ದುರಾಸೆ ಎಂದು ಬೈಯುವುದು ನ್ಯಾಯವಲ್ಲ. ಜರ್ಮನಿಯ ಪ್ರಾಣಿವರ್ತನಾ ವಿಜ್ಞಾನಿ ಪೌಲ್ ಲೈಹೌಸೆನ್ ಬೆಕ್ಕುಗಳನ್ನು ಬಹುಕಾಲ ಗಮನಿಸಿ ಇದನ್ನು ಹೀಗೆ ವಿವರಿಸಿದರು: ಹೊಂಚುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು ಎಂಬ ನಾಲ್ಕು ಹಂತಗಳಿಗೆ ಬೆಕ್ಕಿನಲ್ಲಿ ನಾಲ್ಕು ಬೇರೆ ಬೇರೆ ಒತ್ತಡಗಳಿವೆ. ತಿನ್ನುವ ಒತ್ತಡ ತಣಿದಿದ್ದರೂ ಹೊಂಚುವ ಒತ್ತಡ ಹಾಗೆಯೇ ಇರಬಹುದು.

ಇನ್ನು ಗಾದೆಯ ಚೆಲ್ಲಾಟಕ್ಕೆ ಬರೋಣ. ಹಿಡಿದ ಇಲಿಯನ್ನು ಬಿಟ್ಟು, ಮತ್ತೆ ಹಿಡಿದು, ಪಂಜದಿಂದ ಬಡಿದು, ಗಾಳಿಯಲ್ಲಿ ಎಸೆಯುವುದನ್ನು ನೋಡಿದಾಗ ಬೆಕ್ಕು ಕ್ರೂರಿ ಎನ್ನಿಸುತ್ತದೆ. 1979ರಲ್ಲಿ ಮ್ಯಾಕ್ಸೀನ್ ಬಿಬೆನ್ ಎಂಬ ಸಂಶೋಧಕಿ ಹಸಿವಿನ ಮಟ್ಟವನ್ನೂ ಬೇಟೆಯ ಗಾತ್ರವನ್ನೂ ಬದಲಿಸುತ್ತ ಇದನ್ನು ಪರೀಕ್ಷಿಸಿದರು. ತುಂಬಾ ಹಸಿದ ಬೆಕ್ಕು ಸಣ್ಣ ಇಲಿಯನ್ನು ಕೂಡಲೇ ಕೊಲ್ಲುತ್ತಿತ್ತು. ಹಸಿವೇ ಇಲ್ಲದ ಬೆಕ್ಕು ದೊಡ್ಡ ಬೇಟೆಯ ಗೊಡವೆಗೆ ಹೋಗುತ್ತಿರಲಿಲ್ಲ. ಆಟ ಹೆಚ್ಚಾಗಿ ಕಂಡದ್ದು ಇವೆರಡರ ನಡುವೆ: ಹಸಿವಿದೆ, ಆದರೆ ಬೇಟೆ ದೊಡ್ಡದು, ಅಥವಾ ಬೇಟೆ ಸಣ್ಣದು, ಆದರೆ ಹಸಿವಿಲ್ಲ. ಆಸೆ ಮತ್ತು ಅಂಜಿಕೆ ಸರಿಸಮವಾಗಿ ಎಳೆದಾಡುವ ಹೊತ್ತದು. ಹೆಗ್ಗಣ ಕಚ್ಚಿದರೆ ಬೆಕ್ಕಿನ ಕಣ್ಣೇ ಹೋಗಬಹುದು. ಅದಲ್ಲದೆ ಬೆಕ್ಕಿನ ಕಣ್ಣು ತೀರಾ ಹತ್ತಿರದ, ಸುಮಾರು ಒಂದು ಅಡಿಗಿಂತ ಕಡಿಮೆ ದೂರದ ವಸ್ತುವನ್ನು ಸ್ಪಷ್ಟವಾಗಿ ಕಾಣುವುದಿಲ್ಲ. ಬಾಯಿಯ ಮುಂದಿರುವುದನ್ನು ಅದು ಅರಿಯುವುದು ಮುಂದಕ್ಕೆ ಚಾಚಿದ ಮೀಸೆಗಳಿಂದ. ಬದುಕಿ ಒದ್ದಾಡುತ್ತಿರುವ ಇಲಿಯ ಹಲ್ಲಿನ ಎದುರಿಗೆ ಹೀಗೆ ಕುರುಡಾಗಿ ಮುಖ ಒಡ್ಡುವ ಮೊದಲು ಅದನ್ನು ದಣಿಸಬೇಕಾಗುತ್ತದೆ. ನಾವು ಚೆಲ್ಲಾಟ ಎಂದು ಕರೆಯುವುದರಲ್ಲಿ ಬಹುಪಾಲು ಎಚ್ಚರಿಕೆ.

ಆಟಿಕೆಯ ವಿಷಯದಲ್ಲಿ ನೇರವಾದ ಪ್ರಯೋಗಗಳನ್ನು ಮಾಡಿದವರು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಾರಾ ಹಾಲ್ ಮತ್ತು ಜಾನ್ ಬ್ರಾಡ್‌ಶಾ. 1998ರಲ್ಲಿ ಅವರು ತೋರಿಸಿದ್ದು: ಹಸಿದ ಬೆಕ್ಕು ಆಟಿಕೆಯೊಂದಿಗೆ ಹೆಚ್ಚು ಜೋರಾಗಿ ಆಡುತ್ತದೆ, ದೊಡ್ಡ ಆಟಿಕೆಗೆ ಅಂಜುವುದೂ ಕಡಿಮೆಯಾಗುತ್ತದೆ. ನಿಜವಾದ ಇಲಿಯ ಎದುರು ಆಗುವುದು ಕೂಡ ಇದೇ. ಮನುಷ್ಯನ ಮಕ್ಕಳನ್ನು ನೆನೆಸಿಕೊಳ್ಳಿ. ಹಸಿದ ಮಗು ಆಟ ಬಿಟ್ಟು ಅಳುತ್ತದೆ, ಹಸಿದ ಬೆಕ್ಕು ಆಟ ಹೆಚ್ಚಿಸುತ್ತದೆ. ನಾವು ಆಟ ಎನ್ನುವುದಕ್ಕೂ ಬೆಕ್ಕಿನ ಆಟಕ್ಕೂ ಇರುವ ಅಂತರ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಅದೇ ಜೋಡಿ 2002ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ಒಂದು ಆಟಿಕೆಯನ್ನು ಬೆಕ್ಕಿಗೆ ಮತ್ತೆ ಮತ್ತೆ ಕೊಟ್ಟರು. ಮೂರನೆಯ ಸಲದ ಹೊತ್ತಿಗೆ ಬೆಕ್ಕಿನ ಉತ್ಸಾಹ ಬಹುತೇಕ ಇಳಿದುಹೋಗಿತ್ತು. ದಣಿವಿನಿಂದ ಹೀಗಾಯಿತೇ ಎಂದು ನೋಡಲು ಕೂಡಲೇ ಬೇರೆ ಬಣ್ಣದ, ಸ್ವಲ್ಪ ಬೇರೆಯಾದ ಆಟಿಕೆಯನ್ನು ಮುಂದಿಟ್ಟರು. ಬೆಕ್ಕು ಮೊದಲಿಗಿಂತಲೂ ಜೋರಾಗಿ ಹಾರಿಬಿತ್ತು. ದಣಿವಾಗಿರಲಿಲ್ಲ, ಬೇಸರವಾಗಿತ್ತು. ಆ ಬೇಸರವೂ ಆ ಒಂದು ವಸ್ತುವಿನ ಮೇಲೆ ಮಾತ್ರ.

ಇದಕ್ಕೆ ಬ್ರಾಡ್‌ಶಾ ಕೊಡುವ ವಿವರಣೆ ಸರಳ. ಬೆಕ್ಕಿನ ಮಟ್ಟಿಗೆ ಬೇಟೆ ಎಂದರೆ ಕಚ್ಚಿದಾಗ, ಪರಚಿದಾಗ ಏನಾದರೂ ಬದಲಾಗಬೇಕಾದ ವಸ್ತು. ಪುಕ್ಕ ಉದುರಬೇಕು, ಚರ್ಮ ಹರಿಯಬೇಕು, ಒದ್ದಾಟ ನಿಲ್ಲಬೇಕು. ಎಷ್ಟು ಕಚ್ಚಿದರೂ ಹಾಗೆಯೇ ಇರುವ ಗಟ್ಟಿ ಪ್ಲಾಸ್ಟಿಕ್ ಚೆಂಡಿನಿಂದ ಲಾಭವಿಲ್ಲ, ಹೆಣಗಾಡುವುದು ಶಕ್ತಿ ದಂಡ. ಅದೇ ಹೊಲಿಗೆ ಬಿಚ್ಚಿಕೊಳ್ಳುವ, ಹತ್ತಿ ಹೊರಬರುವ ಗೊಂಬೆಯಾದರೆ 'ಕೆಲಸ ಆಗುತ್ತಿದೆ' ಎಂಬ ಸೂಚನೆ ಬೆಕ್ಕಿಗೆ ಸಿಗುತ್ತ ಹೋಗುತ್ತದೆ. ಮನೆಯಲ್ಲಿರುವ ಆಟಿಕೆಗಳಲ್ಲಿ ಬೆಕ್ಕು ಅತ್ಯಂತ ಪ್ರೀತಿಸುವುದು ಅತ್ಯಂತ ಹರಿದುಹೋದದ್ದನ್ನೇ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಮುನ್ನಿಯ ಕಾಲಿಲ್ಲದ ಗೊಂಬೆಗೆ ನಮ್ಮ ಮನೆಯಲ್ಲಿ ಎರಡು ಸಲ ಹೊಲಿಗೆ ಹಾಕಿದರು. ಎರಡೂ ಸಲ ಒಂದೇ ವಾರದಲ್ಲಿ ಬಿಚ್ಚಿತು.

ಈಗ ಆ ಗುರುಗುಟ್ಟುವಿಕೆ. ಸಿಂಹಗಳು ಗುಂಪಾಗಿ ಬೇಟೆಯಾಡಿ ಗುಂಪಾಗಿ ತಿನ್ನುತ್ತವೆ, ಹಂಚಿಕೊಳ್ಳುವಾಗ ಜಗಳವೂ ಆಗುತ್ತದೆ. ಮನೆಬೆಕ್ಕಿನ ಪೂರ್ವಜ ಒಂಟಿ ಬೇಟೆಗಾರ. ಒಂದು ಇಲಿ ಎಂದರೆ ಒಂದು ಹೊಟ್ಟೆಗೆ ಒಂದು ಸಣ್ಣ ತುತ್ತು, ಅದರಲ್ಲಿ ಪಾಲು ಮಾಡಲು ಏನೂ ಇಲ್ಲ. ಆದ್ದರಿಂದ ದೊಡ್ಡ ಬೆಕ್ಕುಗಳ ನಡುವೆ ಬೇಟೆ ಹಂಚಿಕೊಳ್ಳುವ ಪದ್ಧತಿ ಬೆಳೆಯಲೇ ಇಲ್ಲ. ಬಾಯಲ್ಲಿರುವುದು ತನ್ನದು ಎಂದು ಹೇಳಲು ಅದಕ್ಕಿರುವ ಭಾಷೆ ಗುರುಗುಟ್ಟುವಿಕೆ, ಚಪ್ಪಟೆಯಾದ ಕಿವಿ ಮತ್ತು ಬುಸ್ ಎನ್ನುವ ಸದ್ದು. ನಿಮ್ಮನ್ನು ಅದು ದ್ವೇಷಿಸುತ್ತಿಲ್ಲ, ಮಾಲೀಕನೆಂದು ತನ್ನನ್ನು ಮೆರೆಸುತ್ತಲೂ ಇಲ್ಲ. ನೀವು ಕದಿಯಬಹುದಾದವರ ಪಟ್ಟಿಯಲ್ಲಿ ಕೆಲವು ನಿಮಿಷಗಳ ಮಟ್ಟಿಗೆ ಸೇರಿದ್ದೀರಿ, ಅಷ್ಟೇ.

ಆ ಕೆಲವು ನಿಮಿಷಗಳಲ್ಲಿ ಕೈಹಾಕಿ ಕಸಿಯುವುದು ಅನೇಕರಿಗೆ ಮೋಜು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದು ದಿನಾ ನಡೆಯುತ್ತದೆ. ಕಸಿದಷ್ಟೂ ಬೆಕ್ಕು ಕಲಿಯುವುದು ಕೈ ಎಂದರೆ ಕಳ್ಳ ಎಂಬುದನ್ನು, ಮುಂದಿನ ಸಲ ಗುರುಗುಟ್ಟದೆ ನೇರವಾಗಿ ಕಚ್ಚುವುದನ್ನು. ಅಪಾಯದ ವಸ್ತುವೇನಾದರೂ ಬಾಯಲ್ಲಿದ್ದರೆ ಒಂದು ತುಂಡು ಮೀನನ್ನು ಎರಡಡಿ ದೂರದಲ್ಲಿಡಿ. ಅದು ಬಾಯಿ ಬಿಟ್ಟು ಅತ್ತ ಹೋದಾಗ ಇತ್ತ ಎತ್ತಿಕೊಳ್ಳಿ. ಎರಡು ಬೆಕ್ಕುಗಳಿದ್ದರೆ ಆಡಿಸುವುದನ್ನೂ ಬೇರೆ ಬೇರೆ ಜಾಗದಲ್ಲಿ ಮಾಡುವುದು ಒಳ್ಳೆಯದು. ಒಂದೇ ದಾರದ ತುದಿಗೆ ಎರಡನ್ನೂ ಬಿಟ್ಟರೆ ಧೈರ್ಯದ ಬೆಕ್ಕು ಆಡುತ್ತದೆ, ಅಂಜುಬುರುಕ ಬೆಕ್ಕು ಬಾಗಿಲ ಬಳಿ ಕೂತು ನೋಡುತ್ತದೆ. ನೋಡುತ್ತ ಕೂತದ್ದನ್ನು 'ಅದಕ್ಕೆ ಆಟವೇ ಇಷ್ಟವಿಲ್ಲ' ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ.

ಕಾಲುಚೀಲ ಕಚ್ಚಿಕೊಂಡು ಕೂಗುವ ಬೆಕ್ಕಿನ ಸಂಗತಿಯಲ್ಲಿ ತಾಯಿಬೆಕ್ಕನ್ನು ನೆನೆಯಬೇಕು. ಮರಿಗಳಿಗೆ ಸುಮಾರು ಒಂದು ತಿಂಗಳಾದಾಗ ತಾಯಿ ಮೊದಲು ಸತ್ತ ಬೇಟೆಯನ್ನು ತಂದುಹಾಕುತ್ತದೆ, ಕ್ರಮೇಣ ಜೀವಂತವಾಗಿ ತರುತ್ತದೆ. ತರುವಾಗ ಬಾಯಿ ತುಂಬಿರುವಂತೆಯೇ ಒಂದು ವಿಶೇಷ ದನಿಯಲ್ಲಿ ಮರಿಗಳನ್ನು ಕರೆಯುತ್ತದೆ. ರಾತ್ರಿಯ ಕಾಲುಚೀಲದ ಮೆರವಣಿಗೆಯಲ್ಲಿ ಕೇಳಿಬರುವ ದನಿ ಅದನ್ನು ಬಹಳ ಹೋಲುತ್ತದೆ. ಮರಿ ಹಾಕದ ಬೆಕ್ಕೂ, ಗಂಡುಬೆಕ್ಕೂ ಹೀಗೆ ಮಾಡುವುದರಿಂದ ತಾಯ್ತನವೊಂದರಿಂದಲೇ ಇದನ್ನು ವಿವರಿಸಲಾಗದು. ಬೇಟೆಯನ್ನು ಸಿಕ್ಕಿದಲ್ಲೇ ತಿನ್ನದೆ ತನಗೆ ಸುರಕ್ಷಿತವೆನಿಸಿದ ಜಾಗಕ್ಕೆ ಹೊತ್ತು ತರುವ ಅಭ್ಯಾಸ ಎಲ್ಲ ಬೆಕ್ಕುಗಳಿಗೂ ಇದೆ. ಮನೆಯ ಬೆಕ್ಕಿಗೆ ಸುರಕ್ಷಿತ ಜಾಗ ಎಂದರೆ ನಿಮ್ಮ ಹಾಸಿಗೆ, ಅಡುಗೆಮನೆ, ತನ್ನ ಊಟದ ಬಟ್ಟಲು. ನೀರಿನ ಬಟ್ಟಲಿಗೆ ಬೀಳುವ ರಬ್ಬರ್ ಇಲಿಗೂ ಇದೇ ವಿವರಣೆ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಬೆಕ್ಕು ನಮಗೆ ಉಡುಗೊರೆ ತರುತ್ತದೆ ಎಂಬ ಮಾತು ಕೇಳಲು ಚೆಂದ, ಆದರೆ ದಿಂಬಿನ ಬಳಿ ಬಿದ್ದ ಸತ್ತ ಓತಿಕ್ಯಾತ ಬಹುಶಃ ನಮಗಾಗಿ ತಂದದ್ದಲ್ಲ. ನಾವು ಅದರ ಉಗ್ರಾಣದಲ್ಲಿ ಮಲಗಿದ್ದೇವೆ.

ಎಸೆದದ್ದನ್ನು ತಂದುಕೊಡುವುದು ನಾಯಿಯ ಗುಣ ಎಂದು ತಿಳಿದವರಿಗೆ 2023ರ ಒಂದು ಅಧ್ಯಯನ ಆಶ್ಚರ್ಯ ತರಬಹುದು. ಸಸೆಕ್ಸ್ ವಿಶ್ವವಿದ್ಯಾಲಯದ ಜೆಮ್ಮಾ ಫೋರ್ಮನ್ ಮತ್ತು ಸಂಗಡಿಗರು, ಎಸೆದ ವಸ್ತುವನ್ನು ತಂದುಕೊಡುವ 1,154 ಬೆಕ್ಕುಗಳ ಬಗ್ಗೆ ಮನೆಯವರಿಂದ ಮಾಹಿತಿ ಪಡೆದರು. ಶೇ. 94ರಷ್ಟು ಬೆಕ್ಕುಗಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಆಟ ಶುರು ಮಾಡುವುದೂ, ಇನ್ನು ಸಾಕು ಎಂದು ಎದ್ದುಹೋಗುವುದೂ ಹೆಚ್ಚಾಗಿ ಬೆಕ್ಕೇ. ಮನುಷ್ಯ ಎಸೆಯುವ ಯಂತ್ರವಾಗಿ ಕೆಲಸ ಮಾಡುತ್ತಾನೆ.

ಮರಿಗಳ ಆಟ ಬೇರೆಯೇ ಒಂದು ಅಧ್ಯಾಯ. ನಾಲ್ಕನೆಯ ವಾರದ ಹೊತ್ತಿಗೆ ಅವು ಒಂದರ ಮೇಲೊಂದು ಬಿದ್ದು ಆಡಲು ತೊಡಗುತ್ತವೆ. ಏಳೆಂಟು ವಾರವಾದಾಗ ಕಣ್ಣು-ಪಂಜಗಳ ಹೊಂದಾಣಿಕೆ ಬಂದು ವಸ್ತುಗಳ ಕಡೆ ಹೊರಳುತ್ತವೆ. ಕೇಂಬ್ರಿಜ್‌ನ ಪ್ಯಾಟ್ರಿಕ್ ಬೇಟ್ಸನ್ ಮತ್ತು ಸಂಗಡಿಗರು ಗಮನಿಸಿದಂತೆ, ತಾಯಿಯ ಹಾಲು ಬೇಗ ನಿಂತರೆ ಮರಿಗಳು ವಸ್ತುಗಳೊಂದಿಗೆ ಆಡುವುದೂ ಬೇಗನೆ ಹೆಚ್ಚಾಗುತ್ತದೆ. ಇನ್ನು ಮುಂದೆ ನಿನ್ನ ಊಟ ನೀನೇ ಹುಡುಕಿಕೋ ಎಂಬ ಸೂಚನೆಯಂತೆ ಅದು ಕೆಲಸ ಮಾಡುತ್ತದೆ. ನಮ್ಮಲ್ಲಿ ಕಣ್ಣು ಬಿಟ್ಟ ಕೆಲವೇ ದಿನಗಳಲ್ಲಿ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಪರಿಚಯದವರಿಗೆ ಕೊಡುವ ರೂಢಿಯಿದೆ. ಕನಿಷ್ಠ ಎಂಟು ವಾರ ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಬಿಟ್ಟರೆ ಎಷ್ಟು ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದನ್ನು ಅವು ಅಲ್ಲಿಯೇ ಕಲಿತು ಬರುತ್ತವೆ. ಹಾಗೆ ಕಲಿಯದ ಮರಿಯ ಪಾಠದ ಸ್ಲೇಟು ಮುಂದೆ ನಮ್ಮ ಕೈ.

ಬೆಕ್ಕಿನ ಮರಿಯ ಆಟ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವ ಹೆಸರು ಹಝ್ರತ್ ಅಬೂ ಹುರೈರಾ(ರ). ತಮಗೆ ಆ ಹೆಸರು ಬಂದ ಬಗೆಯನ್ನು ಅವರೇ ಹೇಳಿದ್ದು ತಿರ್ಮಿದಿಯಲ್ಲಿ ದಾಖಲಾಗಿದೆ. ಮನೆಯ ಆಡುಕುರಿ ಮೇಯಿಸುವಾಗ ಅವರ ಬಳಿ ಒಂದು ಪುಟ್ಟ ಬೆಕ್ಕಿನ ಮರಿ ಇತ್ತು. ರಾತ್ರಿ ಅದನ್ನು ಮರದಲ್ಲಿಡುತ್ತಿದ್ದರು, ಹಗಲು ಜೊತೆಗೆ ಕೊಂಡುಹೋಗಿ ಅದರೊಂದಿಗೆ ಆಡುತ್ತಿದ್ದರು. ಬೆಕ್ಕನ್ನು ಕಟ್ಟಿಹಾಕಿ ಶಿಕ್ಷೆಗೆ ಗುರಿಯಾದ ಹೆಂಗಸಿನ ಹದೀಸ್ ಕೂಡ ಎಲ್ಲರಿಗೂ ತಿಳಿದದ್ದೇ. ಅದರಲ್ಲಿ ಎರಡು ಮಾತುಗಳಿವೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಆಕೆ ಅದಕ್ಕೆ ತಿನ್ನಲು ಕೊಡಲಿಲ್ಲ, ನೆಲದ ಸಣ್ಣಪುಟ್ಟ ಜೀವಿಗಳನ್ನು ತಾನೇ ಹುಡುಕಿ ತಿನ್ನಲೂ ಬಿಡಲಿಲ್ಲ. ಇವತ್ತು ಫ್ಲ್ಯಾಟ್‌ಗಳ ನಾಲ್ಕನೆಯ ಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡು ಬೆಳೆಯುವ ಬೆಕ್ಕುಗಳಿಗೆ ಮೊದಲನೆಯದಕ್ಕೆ ಕೊರತೆಯಿಲ್ಲ. ಎರಡನೆಯದರ ಜಾಗದಲ್ಲಿ ಅವುಗಳಿಗೆ ಉಳಿದಿರುವುದು ಆಟಿಕೆ.

ವಾಸನೆಯ ಬಗ್ಗೆ ಹೇಳದೆ ಇದು ಪೂರ್ತಿಯಾಗದು. ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಪಂಜದ ಮೆತ್ತೆ ಇಲ್ಲೆಲ್ಲ ವಾಸನೆಯ ಗ್ರಂಥಿಗಳಿವೆ. ಆಟಿಕೆಗೆ ಕೆನ್ನೆ ಉಜ್ಜಿದಾಗ ಅದರ ಮೇಲೆ ನಮಗೆ ತಿಳಿಯದ ಒಂದು ಗುರುತು ಬೀಳುತ್ತದೆ. ಕೊಳಕಾಗಿದೆ ಎಂದು ಆ ಗೊಂಬೆಯನ್ನು ಸಾಬೂನಿನ ಪುಡಿಯಲ್ಲಿ ನೆನೆಸಿ ಒಗೆದು ಒಣಗಿಸಿ ಕೊಟ್ಟರೆ ಬೆಕ್ಕು ಮೂಸಿ, ಅಪರಿಚಿತರನ್ನು ಕಂಡಂತೆ ಹಿಂದೆ ಸರಿಯುವುದುಂಟು. ಹೊರದೇಶಗಳಲ್ಲಿ ಆಟಿಕೆಯೊಳಗೆ ಕ್ಯಾಟ್‌ನಿಪ್ ಎಂಬ ಗಿಡದ ಒಣ ಎಲೆ ತುಂಬಿ ಮಾರುತ್ತಾರೆ. ಅದಕ್ಕೆ ಮೂರರಲ್ಲಿ ಎರಡು ಬೆಕ್ಕುಗಳು ಹೊರಳಾಡಿ ಪ್ರತಿಕ್ರಿಯಿಸುತ್ತವೆ, ಉಳಿದವಕ್ಕೆ ಏನೂ ಅನ್ನಿಸುವುದಿಲ್ಲ; ಇದು ವಂಶಪಾರಂಪರ್ಯದ ಗುಣ. 2021ರಲ್ಲಿ ಜಪಾನಿನ ಸಂಶೋಧಕರು ಈ ಬಗೆಯ ಗಿಡಗಳ ರಾಸಾಯನಿಕ ಬೆಕ್ಕಿನ ಮೈಗೆ ಹತ್ತಿದಾಗ ಸೊಳ್ಳೆಗಳು ದೂರ ಸರಿಯುತ್ತವೆ ಎಂದು ತೋರಿಸಿದರು. ನಮ್ಮ ಹಿತ್ತಿಲಿನಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡಕ್ಕೂ ಬೆಕ್ಕುಗಳನ್ನು ಮರುಳು ಮಾಡುವ ಶಕ್ತಿಯಿದೆ, ಅದರಲ್ಲೂ ಅದರ ಬೇರಿಗೆ. ಗಿಡ ಕಿತ್ತು ಬೇರನ್ನು ಅಂಗಳದಲ್ಲಿ ಹಾಕಿ ನೋಡಿ. ಮಲಯಾಳದಲ್ಲಿ ಇದಕ್ಕೆ 'ಪೂಚ್ಚಮಯಕ್ಕಿ' ಎಂಬ ಹೆಸರೇ ಇದೆ, ಬೆಕ್ಕಿಗೆ ಮಂಪರು ಬರಿಸುವುದು ಎಂದರ್ಥ.

ಇಷ್ಟು ಹೊತ್ತು ಕುತೂಹಲದ ಮಾತಾಯಿತು. ಇನ್ನು ಹೇಳುವುದನ್ನು ಬೆಕ್ಕು ಸಾಕಿರುವವರು ದಯವಿಟ್ಟು ಮನೆಯಲ್ಲಿ ಓದಿ ಹೇಳಬೇಕು.

ಬೆಕ್ಕು ಮತ್ತು ನೂಲುಂಡೆಯ ಚಿತ್ರ ಮಕ್ಕಳ ಪುಸ್ತಕಗಳಲ್ಲೆಲ್ಲ ಇದೆ. ಬೆಕ್ಕಿನ ಆಟಿಕೆಗಳಲ್ಲಿ ನೂಲಿನಷ್ಟು ಅಪಾಯಕಾರಿಯಾದದ್ದು ಬೇರೊಂದಿಲ್ಲ. ಬೆಕ್ಕಿನ ನಾಲಿಗೆಯನ್ನು ಮುಟ್ಟಿದವರಿಗೆ ಗೊತ್ತು, ಅದು ಉಪ್ಪುಕಾಗದದಂತೆ ಒರಟು. ಅದರ ಮೇಲಿರುವ ಸೂಕ್ಷ್ಮ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿವೆ. ಮೂಳೆಯಿಂದ ಮಾಂಸ ಕೆರೆಯಲು, ಮೈ ನೆಕ್ಕಿ ಕೂದಲು ಬಾಚಲು ಅವು ಬೇಕು. ಆದರೆ ದಾರದ ತುದಿ ಆ ನಾಲಿಗೆಗೆ ಸಿಕ್ಕರೆ ಉಗುಳಲು ಬರುವುದಿಲ್ಲ. ಮುಳ್ಳುಗಳು ಅದನ್ನು ಒಳಕ್ಕೇ ತಳ್ಳುತ್ತವೆ, ಬೆಕ್ಕು ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಅಥವಾ ಜಠರದ ಬಾಯಲ್ಲಿ ಸಿಕ್ಕಿಕೊಂಡು ನಿಂತುಬಿಡುತ್ತದೆ. ಉಳಿದ ದಾರ ಕರುಳಿಗಿಳಿಯುತ್ತದೆ. ಕರುಳು ತನ್ನ ಸಹಜ ಚಲನೆಯಿಂದ ಅದನ್ನು ಮುಂದೆ ಎಳೆಯುತ್ತದೆ, ದಾರ ಮುಂದೆ ಬರುವುದಿಲ್ಲ. ಲಂಗದ ನಾಡದಾರ ಎಳೆದಾಗ ಬಟ್ಟೆ ನೆರಿಗೆ ನೆರಿಗೆಯಾಗಿ ಕೂಡಿಕೊಳ್ಳುವಂತೆ ಕರುಳು ದಾರದ ಮೇಲೆ ಮುದುಡಿಕೊಳ್ಳುತ್ತದೆ. ಬಿಗಿದ ದಾರ ಕರುಳಿನ ಗೋಡೆಯನ್ನು ಒಳಗಿನಿಂದ ಕೊಯ್ಯುತ್ತದೆ. ಸಮಯಕ್ಕೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆಕ್ಕು ಸಾಯುತ್ತದೆ.

ನಮ್ಮ ನೆರೆಮನೆಯ ಬೆಕ್ಕು ಸತ್ತದ್ದು ಹೀಗೆಯೇ. ಹೊಲಿಗೆ ಮಾಡುವ ಮನೆ ಅದು. ಪೆರ್ನಾಳಿನ ಬಟ್ಟೆಗಳ ಗಡಿಬಿಡಿಯಲ್ಲಿ ಯಂತ್ರದ ಅಡಿ ನೂಲಿನ ತುಂಡುಗಳು ಬಿದ್ದೇ ಇರುತ್ತಿದ್ದವು, ಬೆಕ್ಕು ಅವುಗಳೊಂದಿಗೆ ಆಡುವುದನ್ನು ಎಲ್ಲರೂ ಖುಷಿಯಿಂದ ನೋಡುತ್ತಿದ್ದರು. ಎರಡು ದಿನ ವಾಂತಿ ಮಾಡಿತು, ಮಂಚದಡಿ ಸೇರಿಕೊಂಡಿತು. ಕೂದಲ ಉಂಡೆ ಇರಬೇಕು, ತಾನೇ ಸರಿಹೋಗುತ್ತದೆ ಎಂದುಕೊಂಡರು. ನಾಲ್ಕನೆಯ ದಿನ ಪಶುವೈದ್ಯರಲ್ಲಿಗೆ ಒಯ್ದಾಗ ಕರುಳು ತೂತಾಗಿತ್ತು.

ಮನೆಯಲ್ಲಿ ದಾರದಂಥವು ಎಷ್ಟಿವೆ ಎಂದು ಒಮ್ಮೆ ಸುತ್ತ ನೋಡಿ. ಹೊಲಿಗೆ ನೂಲು, ಅದರಲ್ಲೂ ಸೂಜಿ ಪೋಣಿಸಿಟ್ಟ ನೂಲು. ಮಲ್ಲಿಗೆ ಮಾಲೆಯ ನಾರು. ಮೀನು-ಮಾಂಸ ಕಟ್ಟಿಕೊಟ್ಟ ದಾರ, ಇದಕ್ಕೆ ರುಚಿಯೂ ಅಂಟಿರುವುದರಿಂದ ಅಪಾಯ ಹೆಚ್ಚು. ರಬ್ಬರ್ ಬ್ಯಾಂಡ್, ತಲೆಗೂದಲಿನ ಬ್ಯಾಂಡ್, ಮಾಸ್ಕಿನ ಎಲಾಸ್ಟಿಕ್, ಉಡುಗೊರೆಯ ರಿಬ್ಬನ್, ತಸ್ಬೀಹ್ ಮಾಲೆಯ ಕುಚ್ಚು, ಮುಸಲ್ಲಾದ ಅಂಚಿನ ಎಳೆಗಳು. ನಮಾಝಿನ ಹೊತ್ತಿಗೆ ಸರಿಯಾಗಿ ಬಂದು ಮುಸಲ್ಲಾದ ಕುಚ್ಚಿನ ಮೇಲೆ ದಾಳಿ ಮಾಡುವ ಬೆಕ್ಕು ಎಲ್ಲರ ಮನೆಯಲ್ಲೂ ಒಂದಿರುತ್ತದೆ. ನೋಡಲು ನಗು ಬರುತ್ತದೆ, ಮುಗಿದ ಕೂಡಲೇ ಮಡಚಿ ಮೇಲಿಡಿ.

ಬೆಕ್ಕಿನ ಬಾಯಿಂದಾಗಲಿ ಹಿಂಬದಿಯಿಂದಾಗಲಿ ದಾರ ನೇತಾಡುತ್ತಿದ್ದರೆ ಎಳೆಯಬಾರದು. ಇನ್ನೊಂದು ತುದಿ ಒಳಗೆ ಎಲ್ಲಿ ಸಿಕ್ಕಿದೆಯೋ ಗೊತ್ತಿಲ್ಲ, ಎಳೆದರೆ ಕರುಳು ಕೊಯ್ದುಹೋಗಬಹುದು. ಎಣ್ಣೆ ಕುಡಿಸುವುದು, ವಾಂತಿ ಮಾಡಿಸುವುದು ಕೂಡ ಬೇಡ. ಊಟ ಬಿಟ್ಟು ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ, ಮರೆಯಲ್ಲಿ ಮುದುಡಿ ಕೂತಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ, ಮನೆಯಲ್ಲಿ ದಾರ ಕಾಣೆಯಾಗಿದ್ದರೆ ಅದನ್ನು ತಪ್ಪದೆ ಹೇಳಿ. ನೂಲು ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ, ನಿಮ್ಮ ಆ ಒಂದು ಮಾತಿನಿಂದ ಅವರ ಹುಡುಕಾಟ ಸುಲಭವಾಗುತ್ತದೆ.

ಇನ್ನೊಂದು ಕೈ. ಮರಿ ಇರುವಾಗ ಬೆರಳು ಆಡಿಸಿ ಕಚ್ಚಿಸಿಕೊಳ್ಳುವುದು ಕಚಗುಳಿಯಂತಿರುತ್ತದೆ. ಆರು ತಿಂಗಳಾದ ಮೇಲೆ ಅದೇ ಆಟಕ್ಕೆ ರಕ್ತ ಬರುತ್ತದೆ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಮೇಲೆ ಸಣ್ಣ ಚುಕ್ಕೆ ಕಂಡರೂ ಒಳಗೆ ಕೀವಾಗುವುದುಂಟು. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲೂ ಇದೆ, ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದ ಅಥವಾ ರಕ್ತ ಬರುವಂತೆ ಪರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯವರು ಬೈಯುತ್ತಾರೆಂದು ಮುಚ್ಚಿಡುವ ವಿಷಯ ಇದಲ್ಲ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಔಷಧ ಇಲ್ಲವೆಂದೇ ಹೇಳಬೇಕು. ಬೆಕ್ಕಿಗೂ ವರ್ಷವರ್ಷ ಲಸಿಕೆ ಹಾಕಿಸಿ.

ಲೇಸರ್ ಬೆಳಕಿನ ಚುಕ್ಕೆಯನ್ನು ಗೋಡೆಯ ಮೇಲೆ ಓಡಿಸುವ ಆಟ ಹಾಸ್ಟೆಲಿನಲ್ಲಿ ಜನಪ್ರಿಯವೆಂದು ಕೇಳಿದ್ದೇನೆ. ಹೊಂಚುವುದು ಸಿಗುತ್ತದೆ, ಹಿಡಿಯುವುದು ಎಂದೂ ಸಿಗುವುದಿಲ್ಲ. 2021ರ ಒಂದು ಸಮೀಕ್ಷೆಯಲ್ಲಿ ಲೇಸರ್ ಆಟ ಹೆಚ್ಚಿದ್ದ ಬೆಕ್ಕುಗಳಲ್ಲಿ ನೆರಳು-ಬೆಳಕಿನ ಹಿಂದೆ ಸುಮ್ಮನೆ ಓಡುವುದು, ಒಂದೇ ಆಟಿಕೆಗೆ ಅತಿಯಾಗಿ ಅಂಟಿಕೊಳ್ಳುವುದು ಹೆಚ್ಚಾಗಿ ವರದಿಯಾಗಿತ್ತು. ಲೇಸರೇ ಅದಕ್ಕೆ ಕಾರಣ ಎಂದು ಸಮೀಕ್ಷೆಯೊಂದರಿಂದ ಹೇಳಲಾಗದು, ಆದರೂ ಆಡಿಸುವುದಿದ್ದರೆ ಚುಕ್ಕೆಯನ್ನು ಕೊನೆಗೆ ಒಂದು ತುಂಡು ತಿಂಡಿಯ ಮೇಲೆ ನಿಲ್ಲಿಸಿ. ಕಣ್ಣಿಗೆ ಬಿಡುವುದಂತೂ ಎಂದಿಗೂ ಬೇಡ.

ಆಡಿಸುವುದರಿಂದ ಲಾಭ ಬೆಕ್ಕಿಗೆ ಮಾತ್ರವಲ್ಲ. ಎಕ್ಸೆಟರ್ ವಿಶ್ವವಿದ್ಯಾಲಯದವರು ನೈರುತ್ಯ ಇಂಗ್ಲೆಂಡಿನ 219 ಮನೆಗಳ 355 ಬೆಕ್ಕುಗಳನ್ನು ಗಮನಿಸಿ 2021ರಲ್ಲಿ ವರದಿ ಮಾಡಿದಂತೆ, ದಿನಕ್ಕೆ ಐದರಿಂದ ಹತ್ತು ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ಹಿಡಿದು ತರುವ ಪ್ರಾಣಿಪಕ್ಷಿಗಳು ಶೇ. 25ರಷ್ಟು ಕಡಿಮೆಯಾದವು. ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಶೇ. 36. ಕುತ್ತಿಗೆಗೆ ಗಂಟೆ ಕಟ್ಟಿದ್ದರಿಂದ ಎದ್ದುಕಾಣುವ ಪರಿಣಾಮವೇನೂ ಆಗಲಿಲ್ಲ. ಅಂಗಳದ ಪಿಕಳಾರ, ಸೂರಕ್ಕಿಗಳ ಮೇಲೆ ಪ್ರೀತಿಯಿರುವವರಿಗೆ ಇದು ಉಪಯೋಗದ ಸುದ್ದಿ.

ದುಡ್ಡು ಕೊಟ್ಟು ಏನನ್ನೂ ತರಬೇಕಾಗಿಲ್ಲ. ಎರಡು ಅಡಿಯ ಕೋಲಿನ ತುದಿಗೆ ಅಗಲವಾದ ಬಟ್ಟೆಯ ಪಟ್ಟಿ ಬಿಗಿಯಾಗಿ ಕಟ್ಟಿ. ಅದನ್ನು ಬೆಕ್ಕಿನ ಮುಖಕ್ಕೆ ತಂದು ಆಡಿಸಬೇಡಿ, ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ನುಗ್ಗುವುದಿಲ್ಲ. ಅದರಿಂದ ದೂರಕ್ಕೆ ನೆಲದ ಮೇಲೆ ಎಳೆಯಿರಿ, ಬಾಗಿಲ ಮರೆಗೆ ಒಯ್ದು ಒಂದು ಗಳಿಗೆ ನಿಲ್ಲಿಸಿ, ಸ್ವಲ್ಪ ಅಲುಗಿಸಿ. ನಾಲ್ಕೈದು ಸಲದಲ್ಲಿ ಒಮ್ಮೆ ಹಿಡಿಯಲು ಬಿಡಿ, ಹಿಡಿದು ಗುರುಗುಟ್ಟಿದರೆ ಕೋಲು ಕೆಳಗಿಟ್ಟು ಸುಮ್ಮನಿರಿ. ಆಟವನ್ನು ರಾತ್ರಿಯ ಊಟಕ್ಕೆ ಮೊದಲು ಇಟ್ಟುಕೊಂಡರೆ ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಎಂಬ ಅದರ ಸಹಜ ಕ್ರಮ ಕೂಡಿಬರುತ್ತದೆ, ರಾತ್ರಿ ಎರಡರ ಮೆರವಣಿಗೆಯೂ ಕಡಿಮೆಯಾಗಬಹುದು. ನಾಲ್ಕು ಆಟಿಕೆಗಳಿದ್ದರೆ ಮೂರನ್ನು ಎತ್ತಿಟ್ಟು ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಆಡಿಸಿ ಮುಗಿದ ಮೇಲೆ ಬಟ್ಟೆ ಕಟ್ಟಿದ ಆ ಕೋಲು ಬೆಕ್ಕಿಗೆ ಸಿಗದಂತೆ ಕಪಾಟಿನೊಳಗೆ ಹೋಗಬೇಕು.